ಕೆನ್ನೆಯ ಕೆಂಪು ಮತ್ತು ಮುಂದಿನ ಸೀಟು

ನನ್ನ ಹೆಂಡತಿಯನ್ನು ನನ್ನ ತಾಯಿ ಒಪ್ಪಿದ್ದು ಅವಳ ಕೆನ್ನೆಯ ಬಣ್ಣ ನೋಡಿ.

ಎಪ್ಪತ್ತರ ದಶಕದ ಕೊನೆಯ ವರ್ಷಗಳು. ಮುಳಬಾಗಿಲಿನಲ್ಲಿ ಅಂಗಡಿಗಳ ಲೆಕ್ಕ ಬರೆಯುತ್ತಿದ್ದವರೊಬ್ಬರ ಮನೆಗೆ ಹೆಣ್ಣು ನೋಡಲು ಹೋಗಿದ್ದೆವು. ಹುಡುಗಿ ಉಪ್ಪಿಟ್ಟಿನ ತಟ್ಟೆ ಹಿಡಿದು ಅಡುಗೆಮನೆಯಿಂದ ನಡುಮನೆಗೆ ಬಂದಳು. ಗೋಧಿ ಬಣ್ಣದ ಮುಖ. ಎರಡು ಕೆನ್ನೆಗಳ ಮೇಲೆ ಮಾತ್ರ ಯಾರೋ ಕುಂಕುಮದ ಬೆರಳು ಒರೆಸಿದ ಹಾಗೆ ಕೆಂಪು. ಕೋಲಾರಕ್ಕೆ ವಾಪಸು ಬರುವಾಗ ಬಸ್ಸಿನಲ್ಲಿ ಅಮ್ಮ ಬೇರೆ ಯಾವ ವಿಷಯವನ್ನೂ ಎತ್ತಲಿಲ್ಲ.

"ನೋಡ್ದೇನೋ ಕೆನ್ನೆ? ರಕ್ತ ತುಂಬಿರೋ ಮೈ ಕಣೋ ಅದು. ನಮ್ಮನೇಲಿ ಎಲ್ರೂ ಒಣಗಿದ ಕಡ್ಡಿಗಳು. ಅಂಥವಳೊಬ್ಬಳು ಬರ್ಲಿ."

ಅವಳು ಬಂದಳು. ನಾನು ಆಗ ಒಂದು ದಿನಪತ್ರಿಕೆಗೆ ಕೋಲಾರದ ವರದಿಗಾರ. ಅವಳಿಗೆ ಮದುವೆಯಾದ ಮೇಲೆ ಮಾಲೂರಿನ ಶಾಲೆಯೊಂದರಲ್ಲಿ ಉಪಾಧ್ಯಾಯಿನಿಯ ಕೆಲಸ ಸಿಕ್ಕಿತು. ಮನೆಯಲ್ಲಿ ನಾವು ಮೂವರೇ. ಅಪ್ಪ ತೀರಿಕೊಂಡು ಬಹಳ ವರ್ಷಗಳಾಗಿದ್ದವು. ಬಂದ ನೆಂಟರಿಗೆಲ್ಲ ಅಮ್ಮ ಸೊಸೆಯನ್ನು ಬೆಳಕಿನ ಕಡೆ ತಿರುಗಿಸಿ ನಿಲ್ಲಿಸಿ ತೋರಿಸುತ್ತಿದ್ದರು. ಪೌಡರ್ ಹಚ್ಚಿಲ್ಲ, ಏನೂ ಹಚ್ಚಿಲ್ಲ, ಹುಟ್ಟಿದ ಬಣ್ಣ ಎನ್ನುತ್ತಿದ್ದರು.

ಅದು ಹುಟ್ಟಿದ ಬಣ್ಣವಾಗಿರಲಿಲ್ಲ. ಅದು ಗೊತ್ತಾದದ್ದು ಮದುವೆಯಾಗಿ ಎರಡು ವರ್ಷ ಕಳೆದ ಮೇಲೆ. ಬೀದಿ ನಲ್ಲಿಯಿಂದ ಬಿಂದಿಗೆ ಹೊತ್ತು ತರುವಾಗ ಅವಳು ದಾರಿಯಲ್ಲಿ ನಿಲ್ಲತೊಡಗಿದಳು. ಮೊದಮೊದಲು ಯಾರ ಜೊತೆಗೋ ಮಾತಾಡುತ್ತ ನಿಂತಿದ್ದಾಳೆ ಅಂದುಕೊಂಡೆವು. ಆಮೇಲೆ ಮಲಗಿದರೆ ಕೆಮ್ಮು. ಎದ್ದು ಗೋಡೆಗೆ ಒರಗಿ ಕೂತರೆ ಸ್ವಲ್ಪ ಸಮಾಧಾನ. ಅಮ್ಮ ಶೀತವೆಂದು ಮೆಣಸಿನ ಕಷಾಯ ಕೊಟ್ಟರು, ಎದೆಗೆ ನೀಲಗಿರಿ ಎಣ್ಣೆ ತಿಕ್ಕಿದರು. ಯಾವುದೂ ಕೆಲಸ ಮಾಡಲಿಲ್ಲ.

ಊರಿನ ಡಾಕ್ಟರು ಅವಳ ಎದೆಯ ಮೇಲೆ ಸ್ಟೆತಾಸ್ಕೋಪ್ ಇಟ್ಟವರು ಬಹಳ ಹೊತ್ತು ತೆಗೆಯಲಿಲ್ಲ. ತೆಗೆದ ಮೇಲೆ ಕೇಳಿದ್ದು ಒಂದೇ ಪ್ರಶ್ನೆ. "ಚಿಕ್ಕವಳಿದ್ದಾಗ ಕೀಲು ಊದ್ಕೊಂಡು ಜ್ವರ ಬಂದಿತ್ತೇನಮ್ಮ?"

ಬಂದಿತ್ತು. ಒಂದು ಸಲ ಮೊಣಕಾಲು, ಅದು ಇಳಿದರೆ ಮೊಣಕೈ. ಒಂದು ವರ್ಷ ಶಾಲೆ ತಪ್ಪಿಸಿಕೊಂಡಿದ್ದಳು. ಮುಳಬಾಗಿಲಿನ ಮನೆಯವರು ಅದನ್ನು ವಾತವೆಂದು ತಿಳಿದು ಔಷಧಿ ಕೊಡಿಸಿದ್ದರು, ವಾಸಿಯೂ ಆಗಿತ್ತು. ಕೀಲುಗಳನ್ನು ಬಿಟ್ಟ ಜ್ವರ ಹೃದಯದಲ್ಲಿ ಗುರುತು ಉಳಿಸಿ ಹೋಗಿತ್ತೆಂದು ಯಾರಿಗೆ ಗೊತ್ತು? ಬೆಂಗಳೂರಿನ ದೊಡ್ಡ ಆಸ್ಪತ್ರೆಯವರೂ ಅದನ್ನೇ ಹೇಳಿದರು. ಹೃದಯದ ಒಂದು ಕವಾಟ ಕಿರಿದಾಗಿದೆ. ಆಪರೇಷನ್ ಮಾಡಿ ಬಿಡಿಸಬಹುದು, ಆದರೆ ಸರದಿ ಬರುವವರೆಗೂ ಕಾಯಬೇಕು. ಭಾರ ಎತ್ತಬಾರದು, ಮೆಟ್ಟಿಲು ಹತ್ತಬಾರದು, ಹೆಚ್ಚು ಹೊತ್ತು ನಿಲ್ಲಬಾರದು. ಮಗು ಬೇಡವೇ ಬೇಡ. ಆಪರೇಷನ್ ಆದ ಮೇಲೂ ಆ ವಿಚಾರದಲ್ಲಿ ಧೈರ್ಯ ಕೊಡಲಾರೆವು.

ಹೊರಡುವಾಗ ಆ ಡಾಕ್ಟರು ಅವಳ ಮುಖ ನೋಡಿ, "ಈ ಕೆನ್ನೆ ಬಣ್ಣ ಕೂಡ ಅದರದ್ದೇ. ಈ ಕಾಯಿಲೆಯವರಲ್ಲಿ ಕಾಣಿಸುತ್ತೆ" ಎಂದರು.

ಮನೆಗೆ ಬಂದು ಅಮ್ಮನಿಗೆ ಎಲ್ಲವನ್ನೂ ಹೇಳಿದೆ. ಕೆನ್ನೆಯ ವಿಷಯ ಹೇಳಬೇಕೇ ಬೇಡವೇ ಎಂದು ಯೋಚಿಸಿ, ಅದನ್ನೂ ಹೇಳಿದೆ. ಸ್ವಲ್ಪ ಹೊತ್ತಾದ ಮೇಲೆ ಅಮ್ಮ ಬಾಚಣಿಗೆ, ಎಣ್ಣೆ ಬಟ್ಟಲು ತಂದು ಸೊಸೆಯನ್ನು ಮುಂದೆ ಕೂರಿಸಿಕೊಂಡು ತಲೆ ಬಾಚತೊಡಗಿದರು. ಜಡೆ ಹಾಕಿದರು, ಬಿಚ್ಚಿದರು, ಮತ್ತೆ ಹಾಕಿದರು.

ಕೆಲಸ ಬಿಟ್ಟುಬಿಡು ಎಂದು ಅವಳಿಗೆ ಹೇಳಿದವರು ಹಲವರು. ನಾನೂ ಹೇಳಿದೆ. ಅವಳು ಹೇಳಿದ್ದು ಇಷ್ಟು: "ಒಳಗೊಂದು ಬಾಗಿಲು ಸರಿಯಾಗಿ ತೆಗೀತಿಲ್ಲ ಅಂತ ಇರೋ ಬಾಗಿಲೆಲ್ಲಾ ಯಾಕ್ರೀ ಮುಚ್ತೀರಾ? ಮನೇಲಿ ಕೂತ್ರೆ ನಾನು ಪೂರ್ತಿ ರೋಗಿ ಆಗ್ತೀನಿ." ಶಾಲೆಯ ಮುಖ್ಯೋಪಾಧ್ಯಾಯಿನಿ ಒಳ್ಳೆಯವರು. ಗೇಟಿನ ಹತ್ತಿರದ ಕೋಣೆಯನ್ನು ಅವಳ ತರಗತಿಗೆ ಕೊಟ್ಟರು, ಕುರ್ಚಿಯಲ್ಲಿ ಕೂತೇ ಪಾಠ ಮಾಡಲು ಬಿಟ್ಟರು. ಕೋಲಾರಕ್ಕೆ ವರ್ಗ ಕೇಳಿ ಅರ್ಜಿ ಹಾಕಿದ್ದಾಯಿತು. ಅದು ಬರುವವರೆಗೂ ಅವಳ ಮತ್ತು ಶಾಲೆಯ ನಡುವೆ ಉಳಿದ ಕಷ್ಟ ಒಂದೇ. ಬಸ್ಸು.

ಆ ಬೆಳಗಿನ ಬಸ್ಸು ಶ್ರೀನಿವಾಸಪುರದಿಂದ ಬಂದು, ಕೋಲಾರದಲ್ಲಿ ನಿಂತು, ವಕ್ಕಲೇರಿಯ ಮೇಲೆ ಮಾಲೂರಿಗೆ ಹೋಗುತ್ತಿತ್ತು. ಬರುವಾಗಲೇ ಮುಕ್ಕಾಲು ಭರ್ತಿ. ಮಾವಿನ ಕಾಲದಲ್ಲಿ ಯಲ್ದೂರು ಕಡೆಯ ಬುಟ್ಟಿಗಳು ಮನುಷ್ಯರಿಗಿಂತ ಮೊದಲೇ ಜಾಗ ಹಿಡಿದಿರುತ್ತಿದ್ದವು. ಬಸ್ಸು ಪೂರ್ತಿ ನಿಲ್ಲುವ ಮುಂಚೆಯೇ ಕೋಲಾರದವರ ಟವಲು, ಕರ್ಚೀಪು, ಊಟದ ಚೀಲಗಳು ಕಿಟಕಿಯಿಂದ ಒಳಗೆ ಹಾರುತ್ತಿದ್ದವು. ಟವಲು ಬಿದ್ದ ಸೀಟು ಟವಲಿನವರದ್ದು. ಅದರ ಬಗ್ಗೆ ತಕರಾರಿರಲಿಲ್ಲ. ಚಲಿಸುವ ಬಸ್ಸಿನ ಪಕ್ಕದಲ್ಲಿ ಓಡಲಾರದವರು ನಿಂತು ಹೋಗಬೇಕು.

ಟವಲಿನ ಕಾನೂನು ನಡೆಯದ ಸೀಟು ಒಂದೇ ಇತ್ತು. ಮುಂದಿನ ಬಾಗಿಲ ಪಕ್ಕದ್ದು. ಅದರ ಮೇಲೆ ಬಣ್ಣದಲ್ಲಿ 'ಅಂಗವಿಕಲರಿಗೆ' ಎಂದು ಬರೆದಿತ್ತು. ಈಗ ವಾಹನ ನಿಲ್ಲಿಸುವ ಕಡೆಗಳಲ್ಲಿ ನೆಲದ ಮೇಲೆ ಗಾಲಿಕುರ್ಚಿಯ ಚಿತ್ರವಿರುತ್ತದೆ. ಅಲ್ಲಿ ಕಾರು ನಿಲ್ಲಿಸಿ ಎರಡು ಕಾಲಿನ ಮೇಲೆ ನಡೆದುಹೋಗುವವರನ್ನು ಜನ ತಿರುಗಿ ತಿರುಗಿ ನೋಡುವುದನ್ನು ಕಂಡಾಗಲೆಲ್ಲ ನನಗೆ ಆ ಸೀಟು ನೆನಪಾಗುತ್ತದೆ. ಆ ದಿನಗಳಲ್ಲಿ ನಮ್ಮ ಪಾಲಿಗೆ ಅಂಥ ಜಾಗವೆಂದು ಇದ್ದದ್ದು ಅದೊಂದೇ.

ಅವಳು ಅಲ್ಲಿ ಮೊದಲ ಸಲ ಕೂತ ದಿನ ನಾನೂ ಅದೇ ಬಸ್ಸಿನಲ್ಲಿದ್ದೆ. ಮಾಲೂರಿನಲ್ಲಿ ಪತ್ರಿಕೆಯ ಕೆಲಸವಿತ್ತು. ಹಿಂದಿನ ಬಾಗಿಲಿನಿಂದ ಹತ್ತಿ ಮಧ್ಯದಲ್ಲಿ ಸಿಕ್ಕಿಕೊಂಡಿದ್ದೆ. ಮುಂದಿನ ಸಾಲಿನಲ್ಲಿ ಹೆಂಚಿನ ಕಾರ್ಖಾನೆಯ ಮೇಸ್ತ್ರಿಯೊಬ್ಬರು ದಿನಾ ಕೂರುತ್ತಿದ್ದರು. ಗಟ್ಟಿ ಗಂಟಲಿನ ಮನುಷ್ಯ. ಬಸ್ಸಿನಲ್ಲಿ ಬೀಡಿ ಸೇದುವವರನ್ನು, ಫುಟ್‌ಬೋರ್ಡಿನ ಮೇಲೆ ನಿಲ್ಲುವವರನ್ನು ಗದರಿಸುವುದು ತಮ್ಮ ಹೊಣೆಯೆಂದು ತಿಳಿದಿದ್ದವರು.

"ಏನಮ್ಮಾ ಟೀಚರಮ್ಮ, ಮಕ್ಳಿಗೆ ಓದೋದು ಕಲಿಸ್ತೀಯ, ಬೋರ್ಡು ಓದಕ್ಕೆ ಬರಲ್ವಾ?" ಎಂದರು.

"ನಂಗೆ ಹುಷಾರಿಲ್ಲ. ನಿಂತ್ರೆ ಉಸಿರು ಕಟ್ಟುತ್ತೆ."

"ಹುಷಾರಿಲ್ವಾ! ಕೆನ್ನೆ ನೋಡಿದ್ರೆ ಕಾಶ್ಮೀರದ ಸೇಬು ಇದ್ದಂಗೈತೆ. ಹುಷಾರಿಲ್ದೋರು ಹಿಂಗಿದ್ರೆ ನಾವೆಲ್ಲ ಸತ್ತು ಭಾಳ ದಿನ ಆಗಿರ್ಬೇಕು."

ಬಸ್ಸು ನಕ್ಕಿತು. ಕಂಡಕ್ಟರ್ ಬಂದರು. "ಸರ್ಟಿಫಿಕೇಟ್ ಐತಾ ಮೇಡಂ? ಇದ್ರೆ ತೋರ್ಸಿ, ಇಲ್ಲಾಂದ್ರೆ ಎದ್ದೇಳಿ. ಕಣ್ಣಿಗೆ ಕಾಣೋದಷ್ಟೇ ನನ್ ಲೆಕ್ಕ."

ನಾನು ತಲೆಗಳ ಮೇಲಿಂದ ಕೂಗಿ ಹೇಳಿದೆ. "ಅವಳಿಗೆ ಹಾರ್ಟ್ ತೊಂದರೆ ಇದೆ. ಡಾಕ್ಟರು ನಿಲ್ಲಬೇಡಿ ಅಂದಿದ್ದಾರೆ."

"ಹಾರ್ಟ್ ಇದ್ದೋರು ಮನೇಲಿರ್ಬೇಕು ಸ್ವಾಮಿ," ಎಂದರು ಮೇಸ್ತ್ರಿ. "ಬಸ್ಸಲ್ಲೇನು ಕೆಲ್ಸ?"

ಅವಳು ಎದ್ದಳು. ಸೀಟು ವಕ್ಕಲೇರಿಯವರೆಗೂ ಖಾಲಿಯೇ ಹೋಯಿತು. ಅಲ್ಲಿ ಹತ್ತಿದ ಯಾರೋ ಅದರ ಮೇಲೆ ಹಾಲಿನ ಕ್ಯಾನು ಇಟ್ಟರು. ಕ್ಯಾನಿಗೆ ಯಾರೂ ಸರ್ಟಿಫಿಕೇಟ್ ಕೇಳಲಿಲ್ಲ. ಮಾಲೂರಿನಲ್ಲಿ ಇಳಿದಾಗ ಅವಳ ತುಟಿ ನೀಲಿಗಟ್ಟಿತ್ತು. ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತು ಉಸಿರು ಹಿಡಿತಕ್ಕೆ ಬರುವವರೆಗೂ ನನ್ನ ಕೈ ಬಿಡಲಿಲ್ಲ. ಶಾಲೆಯ ಗಂಟೆ ಹೊಡೆದದ್ದು ಕೇಳಿಸಿತು. ಅವಳು ತರಗತಿಗೆ ತಡವಾಗಿ ಹೋದದ್ದು ಅದೇ ಮೊದಲು.

ಸರ್ಟಿಫಿಕೇಟು ಕೇಳಿಕೊಂಡು ಊರಿನ ಡಾಕ್ಟರ ಹತ್ತಿರ ಹೋದೆ. ಕೈ, ಕಾಲು, ಕಣ್ಣು, ಕಿವಿಯಾದರೆ ಬರೆದುಕೊಡಬಹುದು, ಹೃದಯಕ್ಕೆ ಅದರಲ್ಲಿ ಜಾಗವಿಲ್ಲ ಎಂದರು.

ಅಮ್ಮ ಎಲ್ಲವನ್ನೂ ಕೇಳಿಸಿಕೊಂಡರು. ಮಾರನೆಯ ಬೆಳಿಗ್ಗೆ ನಾವು ಹೊರಡುವಾಗ ತಾವೂ ಚಪ್ಪಲಿ ಮೆಟ್ಟಿ ನಿಂತಿದ್ದರು.

"ನೀನೆಲ್ಲಿಗಮ್ಮ?"

"ಬಸ್‌ಸ್ಟ್ಯಾಂಡ್‌ವರ್ಗೂ ಬರ್ತೀನಿ. ಸುಮ್ನೆ ನಡಿಯೋ."

ಬಸ್ಸು ಬಂತು, ಟವಲುಗಳು ಹಾರಿದವು. ಅಮ್ಮ ಸೊಸೆಯ ಕೈ ಹಿಡಿದು ಮುಂದಿನ ಬಾಗಿಲಿಗೆ ಹೋದರು. ಮೊದಲು ತಾವು ಹತ್ತಿ, ಎಲ್ಲರಿಗೂ ಕೇಳಿಸುವ ಹಾಗೆ ಹೇಳಿದರು. "ಸ್ವಲ್ಪ ದಾರಿ ಬಿಡ್ರಪ್ಪಾ. ಬಸುರಿ ಹುಡುಗಿ. ನಿಂತ್ಕೊಳ್ಳೋಕಾಗಲ್ಲ."

ಆಮೇಲೆ ಆದದ್ದನ್ನು ಕಿಟಕಿಯ ಹೊರಗೆ ನಿಂತು ನೋಡಿದೆ. ಮೇಸ್ತ್ರಿ ಎದ್ದು ನಿಂತರು. ಕಂಡಕ್ಟರ್ ಅಂಗವಿಕಲರ ಸೀಟಿನ ಮೇಲಿದ್ದ ಬುಟ್ಟಿಯನ್ನು ತಾವೇ ಎತ್ತಿ ಇಳಿಸಿದರು. "ಅಯ್ಯೋ, ನೆನ್ನೇನೇ ಬಾಯ್ಬಿಟ್ಟು ಹೇಳ್ಬಾರ್ದೇನಮ್ಮ?" ಎಂದರು ಮೇಸ್ತ್ರಿ. "ನಿನ್ ಗಂಡ ನೋಡಿದ್ರೆ ಹಾರ್ಟು ಗೀರ್ಟು ಅಂದ. ನಾಚ್ಕೆ ಅವ್ನಿಗೆ." ಯಾರೋ ಕಿಟಕಿಯ ಗಾಜು ಸರಿಸಿ ಗಾಳಿ ಬಿಟ್ಟರು. ಯಾರೋ ನೀರಿನ ಬಾಟಲಿ ಚಾಚಿದರು. ನನ್ನ ಹೆಂಡತಿ ಸೀಟಿನಲ್ಲಿ ಕೂತು, ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಎದುರಿನ ಕಂಬಿಯನ್ನೇ ನೋಡುತ್ತಿದ್ದಳು. ಅಮ್ಮ ಇಳಿದು ಬಂದರು. ಬಸ್ಸು ಹೊರಟಿತು.

ಸಂಜೆ ಬಂದವಳು ಕೈಕಾಲು ತೊಳೆದು ಅಡುಗೆಮನೆಯ ಹೊಸ್ತಿಲಲ್ಲಿ ಕೂತಳು. ಅಮ್ಮ ಒಲೆಯ ಮುಂದಿದ್ದರು.

"ಬೇರೆ ಏನಾದ್ರೂ ಹೇಳ್ಬಹುದಿತ್ತಲ್ಲ ಅತ್ತೆ."

"ಏನು ಹೇಳ್ಲಿ? ಕಾಲು ಮುರಿದಿದೆ ಅಂದ್ರೆ ಕಾಲು ನೋಡ್ತಾರೆ. ಕಣ್ಣು ಕಾಣಲ್ಲ ಅಂದ್ರೆ ಕಣ್ಣು ನೋಡ್ತಾರೆ. ಕಾಣ್ದೇ ಇದ್ರೂ ಜನ ನಂಬೋದು ಇದೊಂದೇ ಕಣೇ."

"ಅದೇ ಆಗ್ಬೇಕಿತ್ತಾ?"

ಅಮ್ಮ ಸೌಟು ಕೆಳಗಿಟ್ಟರು. "ನಂಗೊತ್ತು ಮಗಳೇ. ನೀನು ಉಸಿರಾಡ್ಕೊಂಡು ಮನೇಗೆ ಬಂದ್ರೆ ನಂಗಷ್ಟೇ ಸಾಕು."

ಅಮ್ಮ ಮತ್ತೆ ಸೌಟು ಎತ್ತಿಕೊಂಡರು. ಆಮೇಲೆ ನನ್ನ ಹೆಂಡತಿ, "ಇವತ್ತು ಶಾಲೇಗೆ ಗಂಟೆ ಹೊಡೆಯೋ ಮುಂಚೆ ಹೋದೆ" ಎಂದಳು.

ಆ ಸುಳ್ಳು ನಡೆಯಿತು. ನಾವು ಎಣಿಸಿದ್ದಕ್ಕಿಂತ ಚೆನ್ನಾಗಿಯೇ ನಡೆಯಿತು. ಮೇಸ್ತ್ರಿ ಈಗ ಆ ಸೀಟಿನ ಕಾವಲುಗಾರರಾದರು. ಬಸ್ಸು ಕೋಲಾರಕ್ಕೆ ಬಂದ ಕೂಡಲೇ ಅವರು ಎಸೆಯುತ್ತಿದ್ದ ಟವಲುಗಳು ಎರಡು: ಒಂದು ತಮಗೆ, ಇನ್ನೊಂದು ಟೀಚರಮ್ಮನಿಗೆ. ಡ್ರೈವರಿಗೆ, "ಹಳ್ಳ ನೋಡ್ಕೊಂಡು ಓಡ್ಸಪ್ಪಾ, ಎರಡು ಜೀವ ಐತೆ" ಎಂದು ಹೇಳುತ್ತಿದ್ದರು.

ವಕ್ಕಲೇರಿಯಲ್ಲಿ ಸೊಪ್ಪು ಮಾರುವ ಹೆಂಗಸೊಬ್ಬಳು ಹತ್ತುತ್ತಿದ್ದಳು. ನನ್ನ ಅಮ್ಮನ ವಯಸ್ಸಿನವಳು. ಮನೆಮಾತು ತೆಲುಗು. ಬುಟ್ಟಿಯನ್ನು ನನ್ನ ಹೆಂಡತಿಯ ಕಾಲ ಬಳಿ ಇಟ್ಟು, ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂರುವುದು ಅವಳ ರೂಢಿ.

"ಎನ್ನೋ ನೆಲ ತಲ್ಲೀ?" ಎಂದು ಮೊದಲ ದಿನವೇ ಕೇಳಿದಳಂತೆ. ಎಷ್ಟನೆಯ ತಿಂಗಳು ತಾಯಿ?

ಮುಳಬಾಗಿಲಿನವಳಾದ ನನ್ನ ಹೆಂಡತಿಗೆ ತೆಲುಗಿನಲ್ಲೇ ಉತ್ತರ ಬಂತು. "ಮೂಡೋ ನೆಲ." ಮೂರನೆಯದು.

ಅಲ್ಲಿಂದ ದಿನಕ್ಕೊಂದು ಹುಳಿ. ಒಂದು ದಿನ ಎಳೆ ಹುಣಸೆಕಾಯಿ, ಒಂದು ದಿನ ನೆಲ್ಲಿಕಾಯಿ, ಮಾವು ಬಂದ ಮೇಲೆ ಉಪ್ಪು ಖಾರ ಹಚ್ಚಿದ ಹೋಳು. ಕೊಟ್ಟವಳು ಎದುರೇ ಕೂತಿರುವುದರಿಂದ ತಿನ್ನದೆ ವಿಧಿಯಿಲ್ಲ. ಮಿಕ್ಕದ್ದನ್ನು ನನ್ನ ಹೆಂಡತಿ ಮನೆಗೆ ತರುತ್ತಿದ್ದಳು. ಅಮ್ಮ ಅದರಲ್ಲಿ ಮಾವಿನಕಾಯಿ ಚಿತ್ರಾನ್ನ ಮಾಡುತ್ತಿದ್ದರು. "ಬಸುರಿ ನೀನು, ಬಯಕೆ ನಂಗೆ" ಎಂದು ಅಮ್ಮ ಅಂದರೆ ಇಬ್ಬರೂ ನಗುತ್ತಿದ್ದರು. ಆ ನಗು ಬೇಗ ನಿಲ್ಲುತ್ತಿತ್ತು.

ನಿಲ್ಲದೆ ಹೋಗುತ್ತಿದ್ದದ್ದು ತಿಂಗಳುಗಳು. ಅಮ್ಮ ಸೀರೆಯ ನೆರಿಗೆಯನ್ನು ದಪ್ಪ ಮಾಡಿ ಸಿಕ್ಕಿಸಿದರು. ಅದಕ್ಕೂ ಒಂದು ಮಿತಿಯಿತ್ತು. ಆಸ್ಪತ್ರೆಯಿಂದ ಸರದಿಯ ಸುದ್ದಿಯಿಲ್ಲ, ವರ್ಗದ ಸುದ್ದಿಯೂ ಇಲ್ಲ. ಒಂದು ಸಂಜೆ ಅವಳು ಹೇಳಿದಳು: "ಆ ಅವ್ವ ಇವತ್ತು ನನ್ನ ಹೊಟ್ಟೆ ಮೇಲೆ ಕೈಯಿಟ್ಟು ಒದೀತಿದ್ಯಾ ಅಂತ ಕೇಳಿದ್ಲು. ಹೂಂ ಅಂದೆ. ಇನ್ನು ನನ್ನ ಕೈಲಾಗಲ್ಲ." ಅಮ್ಮ ಅವಳ ಕಡೆ ನೋಡಲಿಲ್ಲ. ನಾಳೆಯಿಂದ ನಿಂತೇ ಹೋಗುವೆ, ಆಗದಿದ್ದರೆ ರಜೆ ಹಾಕುವೆ, ಅದೂ ಮುಗಿದರೆ ಕೆಲಸ ಬಿಡುವೆ ಎಂದಳು. ಬಿಡುವೆನೆಂಬ ಮಾತು ಅವಳ ಬಾಯಲ್ಲಿ ಬಂದದ್ದು ಅದೇ ಮೊದಲು.

ಮಾರನೆಯ ದಿನ ನಾನೂ ಅದೇ ಬಸ್ಸು ಹತ್ತಿದೆ. ಕೆಲಸವಿತ್ತೆಂದಲ್ಲ. ಮೇಸ್ತ್ರಿಯ ಟವಲು ಸೀಟಿನ ಮೇಲೆ ಬಿದ್ದಿತ್ತು. ಅವಳು ನಿಲ್ಲುತ್ತೇನೆಂದರೂ ಅವರು ಬಿಡಲಿಲ್ಲ, ಕೂರಿಸಿದರು.

ವಕ್ಕಲೇರಿಯಲ್ಲಿ ಸೊಪ್ಪಿನವಳು ಹತ್ತಿದಾಗ ಅವಳ ತಲೆಯ ಮೇಲೆ ಬುಟ್ಟಿಯಿರಲಿಲ್ಲ. ತೊಳೆದ ಸೀರೆ ಉಟ್ಟಿದ್ದಳು. ಜೊತೆಗೆ ಇನ್ನಿಬ್ಬರು ಹೆಂಗಸರು. ಒಬ್ಬಳ ಕೈಯಲ್ಲಿ ಹೂವಿನ ಪೊಟ್ಟಣ, ಇನ್ನೊಬ್ಬಳ ಕೈಯಲ್ಲಿ ತೆಂಗಿನಕಾಯಿ, ಅಕ್ಕಿ. ಸೊಪ್ಪಿನವಳು ಸೆರಗಿನ ಗಂಟು ಬಿಚ್ಚಿದಳು. ಹಸಿರು ಗಾಜಿನ ಬಳೆಗಳು.

"ಐದು ತುಂಬ್ತು. ಬಳೆ ತೊಡಿಸ್ಬೇಕು," ಎಂದಳು. "ತಾಯಿ ಮನೆ ಮುಳಬಾಗಿಲು, ದೂರ. ಅವ್ರದ್ದು ಅವ್ರು ಮಾಡ್ಲಿ, ಇದು ನಮ್ ಬಸ್ಸಿಂದು. ಡ್ರೈವರಪ್ಪಾ, ಎರಡು ನಿಮಿಷ ನಿಲ್ಸು."

ಡ್ರೈವರು ನಿಲ್ಲಿಸಿದರು. ಕಂಡಕ್ಟರ್ ಸೀಟಿ ಊದಲಿಲ್ಲ. ಹಿಂದಿನವರು ಎದ್ದು ನಿಂತು ನೋಡತೊಡಗಿದರು. ಸೊಪ್ಪಿನವಳು ಅವಳ ಎಡಗೈ ಹಿಡಿದು ಬೆರಳುಗಳನ್ನು ಕೂಡಿಸಿ ಒತ್ತಿದಳು. ಆಗ ನನ್ನ ಹೆಂಡತಿ ಕೈ ಹಿಂದಕ್ಕೆ ಎಳೆದುಕೊಂಡಳು.

"ಬೇಡವ್ವಾ. ನಾನು ಬಸುರಿಯಲ್ಲ."

ಕೆಳದನಿಯಲ್ಲಿ ಹೇಳಿದ್ದರೂ ಎಂಜಿನ್ ನಿಂತಿದ್ದರಿಂದ ಕೊನೆಯ ಸಾಲಿನವರೆಗೂ ಕೇಳಿಸಿತು.

"ಹೋಯ್ತಾ?" ಎಂದಳು ಹೆಂಗಸು, ಗಾಬರಿಯಿಂದ.

"ಇಲ್ಲ. ಆಗಿರಲೇ ಇಲ್ಲ. ಆಗಲೂಬಾರ್ದು ಅಂದಿದ್ದಾರೆ. ನಂಗೆ ಹೃದಯದ ಕಾಯಿಲೆ. ಮೊದಲ ದಿನ ಹೇಳಿದ್ದೆ, ಯಾರೂ ನಂಬ್ಲಿಲ್ಲ. ಅದಕ್ಕೇ ಸುಳ್ಳು ಹೇಳಿದ್ವಿ."

ಮೇಸ್ತ್ರಿಯ ಮುಖ ಬಿಗಿದುಕೊಂಡಿತು. "ಹೃದಯಕ್ಕೇನಾಗೈತೆ? ಚೆನ್ನಾಗೇ ಇದೀಯಲ್ಲ?"

ಅವಳು ಉಸಿರು ತೆಗೆದುಕೊಂಡಳು. ನಂತರ ಮಾತಾಡಿದ್ದು ತರಗತಿಯಲ್ಲಿ ಮಾತಾಡುವ ದನಿಯಲ್ಲಿ. "ಈ ಬಸ್ಸೇ ಅಂದ್ಕೊಳ್ಳಿ. ಹಿಂದಿನ ಬಾಗಿಲಲ್ಲಿ ಜನ ಹತ್ತಾನೇ ಇದ್ದಾರೆ. ಇಳಿಯೋಕೆ ಮುಂದಿನ ಬಾಗಿಲು ಒಂದೇ. ಅದು ತುಕ್ಕು ಹಿಡಿದು ಒಂದು ಗೇಣು ಮಾತ್ರ ತೆಗಿಯುತ್ತೆ. ಒಳಗೇನಾಗುತ್ತೆ?"

"ಉಸಿರುಗಟ್ಟಿ ಸಾಯ್ತೀವಿ!" ಎಂದಿತು ಹಿಂದಿನಿಂದ ಒಂದು ದನಿ.

"ನನ್ನೆದೇಲಿ ಅದೇ ಆಗ್ತಿರೋದು. ನಿಂತ್ರೆ ಇನ್ನೂ ಜಾಸ್ತಿ. ಹೊರಗಿಂದ ನೋಡಿದ್ರೆ ಬಸ್ಸಿಗೇನೂ ಆಗಿಲ್ಲ, ಬಣ್ಣ ಚೆನ್ನಾಗೇ ಇರುತ್ತೆ."

ಇಷ್ಟು ಹೇಳಿ ಅವಳು ಎದ್ದಳು. ಯಾರೋ, "ಸುಳ್ಳು ಹೇಳ್ಕೊಂಡು ಇಷ್ಟು ದಿನ ಕೂತಿದ್ಲಲ್ಲ" ಎಂದರು. ಇನ್ನಾರೋ, ಪಾಪ ಬಿಡ್ರಿ ಎಂದರು. ಸೊಪ್ಪಿನವಳು ಅಂಗೈಯ ಮೇಲಿನ ಬಳೆಗಳನ್ನು ನೋಡುತ್ತ ನಿಂತಿದ್ದಳು. ಅವಳಿಗೆ ಸಿಟ್ಟು ಬಂದಿದೆಯೋ ದುಃಖವಾಗಿದೆಯೋ ನನಗೆ ಕಾಣಲಿಲ್ಲ, ಬೆನ್ನು ನನ್ನ ಕಡೆಗಿತ್ತು. ಆಮೇಲೆ ಅವಳು ನನ್ನ ಹೆಂಡತಿಯ ಭುಜ ಹಿಡಿದು ಸೀಟಿಗೆ ಒತ್ತಿದಳು.

"ಕೂರ್ಚೋ ತಲ್ಲೀ. ತಂದ ಬಳೆ ನಾನು ವಾಪಸ್ ತಗೊಂಡೋಗಲ್ಲ. ಹೊಟ್ಟೇಲಿ ಕೂಸಿದ್ರೇನೇ ಬಳೆಯಾ? ಕೈ ಕೊಡು."

ಒಂದೊಂದಾಗಿ ತೊಡಿಸಿದಳು. ಎರಡೂ ಕೈಗೆ. ಅಕ್ಕಿ, ತೆಂಗಿನಕಾಯಿಯನ್ನು ಮಡಿಲಿಗೆ ಹಾಕದೆ ಚೀಲದೊಳಗಿಟ್ಟಳು. ಅಷ್ಟು ವ್ಯತ್ಯಾಸ ಮಾಡಿದಳು. ಹೂವು ಮುಡಿಸಿದಳು. ಕಂಡಕ್ಟರ್ ಸೀಟಿ ಊದಿದರು.

ಮೇಸ್ತ್ರಿ ಮಾಲೂರಿನವರೆಗೂ ಕಿಟಕಿಯ ಹೊರಗೆ ನೋಡುತ್ತಿದ್ದರು. ಮಾರನೆಯ ದಿನ ಅವರು ಎಸೆದದ್ದು ಒಂದೇ ಟವಲು. ಅಂಗವಿಕಲರ ಸೀಟಿನಲ್ಲಿ ಬೇರೆ ಯಾರೋ ಕೂತಿದ್ದರು. ಅವಳು ಕಂಬಿ ಹಿಡಿದು ವಕ್ಕಲೇರಿಯವರೆಗೆ ನಿಂತಳು. ಅಲ್ಲಿ ಸೊಪ್ಪಿನವಳು ಹತ್ತಿ, ಕೂತಿದ್ದವನನ್ನು "ಲೇ ನಾಯ್ನಾ, ಎದ್ದೇಳೋ, ನಿಂಗೇನು ಬಾಗಿಲು ಕೆಟ್ಟೈತಾ?" ಎಂದು ಎಬ್ಬಿಸಿದಳು. ಹೀಗೆ ಒಂದು ವಾರ. ಅರ್ಧ ದಾರಿ ನಿಂತು, ಅರ್ಧ ದಾರಿ ಕೂತು. ಸಂಜೆ ಮನೆಗೆ ಬಂದವಳು ಗೋಡೆಗೆ ಒರಗಿದರೆ ಊಟದವರೆಗೂ ಏಳುತ್ತಿರಲಿಲ್ಲ. ಅಮ್ಮ ಮತ್ತೆ ಬಸ್‌ಸ್ಟ್ಯಾಂಡಿಗೆ ಬರುವೆನೆಂದರು. ಅವಳು ಬೇಡವೆಂದಳು.

ಇನ್ನು ಮುಂದಿನದು ನಾನು ಕಂಡದ್ದಲ್ಲ, ಅವಳು ಹೇಳಿದ್ದು. ಒಂದು ಬೆಳಿಗ್ಗೆ ಮಾಲೂರಿನಲ್ಲಿ ಇಳಿದು ಅದೇ ಕಲ್ಲುಬೆಂಚಿನ ಮೇಲೆ ಕೂತು ಉಸಿರು ತೆಗೆಯುತ್ತಿದ್ದಾಗ ಮೇಸ್ತ್ರಿ ಬಂದು ಎದುರು ನಿಂತರು. ಬಹುಶಃ ಅವಳ ತುಟಿ ನೋಡುತ್ತಿದ್ದರು.

"ನಂಗೆ ಸಿಟ್ಟು ಯಾಕೆ ಗೊತ್ತೇನಮ್ಮ?" ಎಂದರು. "ನಮ್ಮನೆಯೋಳು ನಿಂಗೆ ಹೆರಿಗೆ ಸಸೂತ್ರ ಆಗ್ಲಿ ಅಂತ ಕುರುಡುಮಲೆ ಗಣಪತಿಗೆ ಹರಕೆ ಹೊತ್ತವ್ಳೆ. ಕಡುಬಿನ ಹರಕೆ. ದಿನಾ ಕೇಳ್ತಾಳೆ, ಟೀಚರಮ್ಮ ಹೆಂಗವ್ಳೆ ಅಂತ. ಈಗ ಅವ್ಳಿಗೇನು ಹೇಳ್ಲಿ?"

"ಆಪರೇಷನ್ ಸಸೂತ್ರ ಆಗ್ಬೇಕಲ್ಲ," ಎಂದಳಂತೆ ಇವಳು. "ಹರಕೆ ಹಂಗೇ ಇರ್ಲಿ ಅನ್ನಿ."

ಮೇಸ್ತ್ರಿ ತಲೆ ಕೆರೆದುಕೊಂಡರು. "ಗಣಪತಿ ಒಪ್ತಾನಾ?"

"ನಮ್ಮ ಮುಳಬಾಗಿಲ ಕಡೆಯೋನು. ನಾನು ಹೇಳ್ತೀನಿ."

ಮರುದಿನ ಮತ್ತೆ ಎರಡು ಟವಲು ಬಿದ್ದವು. ಅಂದಿನಿಂದ ಯಾರಾದರೂ ಆಕ್ಷೇಪಿಸಿದರೆ ಮೇಸ್ತ್ರಿಯ ಗಟ್ಟಿ ಗಂಟಲು ಉತ್ತರಿಸುತ್ತಿತ್ತು: "ಟೀಚರಮ್ಮಂದು ಒಳಗಡೆ ಬಾಗಿಲು ರಿಪೇರಿಗೈತೆ. ಹೊರಗಿಂದ ಕಾಣಲ್ಲ. ಬಿಡ್ರಿ."

ಆಸ್ಪತ್ರೆಯ ಕರೆ ಬಂದದ್ದು ಮುಂದಿನ ಬೇಸಿಗೆಯ ರಜೆಯಲ್ಲಿ. ಎದೆಯ ಪಕ್ಕದಲ್ಲಿ ಕೊಯ್ದು, ಹೃದಯದೊಳಕ್ಕೆ ಬೆರಳು ತೂರಿಸಿ ಕವಾಟ ಬಿಡಿಸುತ್ತಾರೆಂದ ಡಾಕ್ಟರು ಅದನ್ನು ಮಾಮೂಲಿ ಕೆಲಸದ ಹಾಗೆ ವಿವರಿಸಿದರು. ಥಿಯೇಟರಿಗೆ ಕರೆದೊಯ್ಯುವ ಮುಂಚೆ ನರ್ಸ್ ಬಳೆ ತೆಗೆಯಬೇಕೆಂದರು. ಹಸಿರು ಬಳೆಗಳಲ್ಲಿ ಅಷ್ಟು ದಿನಕ್ಕೆ ಒಡೆಯದೆ ಉಳಿದವನ್ನು ಅಮ್ಮ ಸೋಪು ಹಚ್ಚಿ ಒಂದೊಂದಾಗಿ ಬಿಡಿಸಿ, ತಮ್ಮ ಸೆರಗಿನ ತುದಿಗೆ ಗಂಟು ಹಾಕಿಕೊಂಡರು. ಅಪ್ಪ ಹೋದ ಮೇಲೆ ಬಳೆಯನ್ನು ಮುಟ್ಟಿದವರಲ್ಲ ಅಮ್ಮ. ಆಪರೇಷನ್ ಮುಗಿಯುವವರೆಗೂ ವೆರಾಂಡದಲ್ಲಿ ಆ ಗಂಟನ್ನು ಮುಷ್ಟಿಯಲ್ಲಿ ಹಿಡಿದು ಕೂತಿದ್ದರು. ಕಾಫಿ ತಂದುಕೊಟ್ಟರೆ ಇನ್ನೊಂದು ಕೈಯಲ್ಲಿ ತೆಗೆದುಕೊಂಡರು.

ಅವಳು ಚೇತರಿಸಿಕೊಂಡಳು. ಉಸಿರು ಸರಾಗವಾಯಿತು, ಅಂಗಾತ ಮಲಗಿ ನಿದ್ದೆ ಮಾಡಿದಳು. ಒಂದು ಬೆಳಿಗ್ಗೆ ಅಮ್ಮ ಅವಳ ಮುಖವನ್ನು ಕಿಟಕಿಯ ಬೆಳಕಿಗೆ ತಿರುಗಿಸಿ ನೋಡಿದರು. ಕೆಂಪು ಇಳಿದುಹೋಗಿತ್ತು. ಮುಖವೆಲ್ಲ ಒಂದೇ ಗೋಧಿ ಬಣ್ಣ, ಸ್ವಲ್ಪ ಬಿಳುಚಿಕೊಂಡಿದ್ದಂತೆಯೂ ಇತ್ತು.

"ಆ ಬಣ್ಣ ನೋಡೇ ನಿನ್ನ ತಂದ್ಕೊಂಡೆ," ಎಂದರು ಅಮ್ಮ.

"ವಾಪಸ್ ಕಳಿಸ್ತೀರಾ ಅತ್ತೆ?"

"ಹೋಗೇ. ಬಣ್ಣ ಹೋದ್ರೆ ಪೀಡೆ ಹೋಯ್ತು." ಹಾಗೆಂದು ಬಳೆಗಳ ಗಂಟು ಬಿಚ್ಚಿ ಅವಳ ಕೈಗೆ ಹಾಕಿದರು.

ಕುರುಡುಮಲೆಗೆ ಎರಡೂ ಮನೆಯವರು ಹೋದೆವು. ಮೇಸ್ತ್ರಿಯ ಹೆಂಡತಿ ಕಡುಬಿನ ಪಾತ್ರೆ ಹೊತ್ತು ಬಂದಿದ್ದರು. ಅಷ್ಟು ದೊಡ್ಡ ಗಣಪತಿಯ ಮುಂದೆ ನಿಂತು ಅವರು ಹರಕೆಯನ್ನು ಹೇಗೆ ತಿದ್ದಿ ಹೇಳಿದರೋ, ತುಟಿ ಮಾತ್ರ ಅಲ್ಲಾಡಿತು. ಮಗುವಿನ ವಿಚಾರ ನಮ್ಮ ಮನೆಯಲ್ಲಿ ಮತ್ತೆ ಬರಲಿಲ್ಲ. ಡಾಕ್ಟರ ಮಾತಿಗೆ ನಾವಿಬ್ಬರೂ ಒಪ್ಪಿದ್ದೆವು.

ಶಾಲೆ ತೆರೆದ ದಿನ ಅವಳನ್ನು ಬಸ್ಸಿಗೆ ಹತ್ತಿಸಲು ನಾನೂ ಅಮ್ಮನೂ ಹೋದೆವು. ಬಸ್ಸು ಬಂತು. ಎರಡು ಟವಲು ಬಿದ್ದವು. ಅವಳು ಹತ್ತಿದಳು. ಮೇಸ್ತ್ರಿ ಅವಳ ಮುಖ ನೋಡಿ ಗಾಬರಿಯಾದರು.

"ಏನಮ್ಮ ಇದು, ಬಣ್ಣವೇ ಇಳಿದೋಗೈತೆ! ಮೈಯಲ್ಲಿ ರಕ್ತಾನೇ ಇಲ್ಲ. ಕೂತ್ಕೋ, ಕೂತ್ಕೋ. ಏಯ್, ಕಿಟಕಿ ತೆಗೀರೋ."

"ಈಗ್ಲೇ ಚೆನ್ನಾಗಿರೋದು. ನಿಂತ್ಕೊಂಡೇ ಬರ್ತೀನಿ."

"ನೋಡಿದ್ರೆ ಹಂಗೆ ಕಾಣಲ್ವಲ್ಲ."

"ನೋಡಿದ್ರೆ ಯಾವತ್ತು ಕಂಡಿದೆ ಹೇಳಿ?" ಎಂದಳು.

ಮೇಸ್ತ್ರಿ ಟವಲನ್ನು ಎತ್ತಿಕೊಳ್ಳಬೇಕೋ ಬೇಡವೋ ತಿಳಿಯದೆ ಅದರ ಒಂದು ತುದಿ ಹಿಡಿದು ನಿಂತರು. ಕೊನೆಗೆ ಅಲ್ಲೇ ಬಿಟ್ಟರು. ಬಸ್ಸು ಹೊರಟಿತು. ಅವಳು ಮೇಲಿನ ಕಂಬಿ ಹಿಡಿದು ನಿಂತಿದ್ದಳು. ಹಸಿರು ಬಳೆಗಳು ಮೊಣಕೈಯ ಕಡೆಗೆ ಜಾರಿದ್ದವು. ಪಕ್ಕದಲ್ಲಿ ಆ ಸೀಟು, ಟವಲು ಹೊದ್ದು ಖಾಲಿ.

"ನಿಂತಿದ್ದಾಳಾ ಇನ್ನೂ?" ಎಂದು ಕೇಳಿದರು ಅಮ್ಮ. ಅವರಿಗೆ ದೂರದ್ದು ಸರಿಯಾಗಿ ಕಾಣುತ್ತಿರಲಿಲ್ಲ.

"ನಿಂತಿದ್ದಾಳೆ."

ಬಸ್ಸು ತಿರುವಿನಲ್ಲಿ ಮರೆಯಾಗುವವರೆಗೂ ಅಮ್ಮ ಇನ್ನೆರಡು ಸಲ ಅದನ್ನೇ ಕೇಳಿದರು. ನಾನೂ ಅದನ್ನೇ ಹೇಳಿದೆ.